ಫೈಲು ಮನೆಯಲ್ಲೇ ಇದೆ

ಜುಲೈ 2, ಬುಧವಾರ

ದಿನಕ್ಕೆ ಎಷ್ಟು ನೀರು ಕುಡಿದೆ, ತೂಕ ಎಷ್ಟು ಏರಿತು ಎಂದು ಬರೆಯಲು ಡಯಾಲಿಸಿಸ್ ಸೆಂಟರಿನವರು ಕೊಟ್ಟ ಪುಸ್ತಕ ಇದು. ಮೂರು ವರ್ಷದಿಂದ ಬರೀ ಅಂಕಿಗಳನ್ನು ತುಂಬಿದ್ದೇನೆ. ಇವತ್ತು ಹಿಂದಿನ ಖಾಲಿ ಹಾಳೆಗೆ ಬಂದಿದ್ದೇನೆ. ಮನೆಯಲ್ಲಿ ಯಾರೂ ಈ ಪುಸ್ತಕ ತೆರೆಯುವುದಿಲ್ಲ. ಹತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಒಂದು ಪುಟ ಬರೆಯುವುದು ಕಷ್ಟವಾಗಬಾರದು. ಆದರೂ ಕೈ ತಡವರಿಸುತ್ತಿದೆ.

ಬೆಳಿಗ್ಗೆ ಮಧ್ವೇಶ್ ಮೂರು ಸಲ ಕರೆದ ಮೇಲೆ ಎದ್ದೆ. "ರಾಗಿಣಿ, ಏಳೂವರೆಗೆ ಅಲ್ಲಿರ್ಬೇಕು ಕಣೇ." ಸೋಮವಾರ, ಬುಧವಾರ, ಶುಕ್ರವಾರ ಇದೇ ಮಾತು. ಅತ್ತಿಗುಪ್ಪೆಯಿಂದ ಕಾಮಾಕ್ಷಿಪಾಳ್ಯದವರೆಗೆ ಸ್ಕೂಟರಿನ ಹಿಂದೆ ಕೂತು ಬಂದೆ. ಹನ್ನೊಂದೂವರೆಯವರೆಗೆ ರಕ್ತ ಹೊರಗೆ ಹೋಗಿ ಒಳಗೆ ಬಂತು. ಪಕ್ಕದ ಕುರ್ಚಿಯಲ್ಲಿ ಹೊಸ ಮನುಷ್ಯ ಇದ್ದ. ಅದು ಹೊನ್ನವ್ವನ ಕುರ್ಚಿ. ಹೆಗ್ಗನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೆಂಗಸು, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದವರು. ಹೋದ ತಿಂಗಳು "ನನಗ ಸಾಕಾತವ್ವ" ಎಂದು ಹೇಳಿ ಎದ್ದು ಹೋದವರು ತಿರುಗಿ ಬರಲಿಲ್ಲ. ಆಮೇಲೆ ತೀರಿಕೊಂಡ ಸುದ್ದಿ ಬಂತು. ಸೂಜಿ ಹಾಕುವ ಟೆಕ್ನಿಷಿಯನ್ ಹನುಮೇಶ ಕುರ್ಚಿಯ ರೆಗ್ಜಿನ್ ಒರೆಸಿ ಹೊಸಬನನ್ನು ಕೂರಿಸಿದ್ದ. ಅವನಾದರೂ ಏನು ಮಾಡಬೇಕಿತ್ತು?

ಸಾಯಂಕಾಲ ಸ್ಕೂಲಿನಿಂದ ಬಂದ ತನ್ಮಯಿಯ ಬ್ಯಾಗಿನಲ್ಲಿ ಊಟದ ಡಬ್ಬಿ ಹುಡುಕುವಾಗ ಅವಳ ಕನ್ನಡ ನೋಟ್‌ಬುಕ್ ಸಿಕ್ಕಿತು. ಮೂರನೇ ಕ್ಲಾಸಿನವರಿಗೆ ಪ್ರಬಂಧ: ನಾನು ಮಾಡಿದ ಪ್ರವಾಸ. ಹೀಗೆ ಬರೆದಿದ್ದಾಳೆ:

"ನಾವು ರೈಲಿನಲ್ಲಿ ಸಮುದ್ರಕ್ಕೆ ಹೋದೆವು. ಅಪ್ಪ ಸುಘೋಷನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಅಮ್ಮ ಓಡಿದರು. ನಾನೇ ಅಮ್ಮನನ್ನು ಹಿಡಿಯಲು ಆಗಲಿಲ್ಲ. ಅಮ್ಮನಿಗೆ ಬಾಯಾರಿಕೆ ಆಗಿ ಎರಡು ಎಳನೀರು ಕುಡಿದರು. ನಾವು ಸೋಮವಾರವೂ ಅಲ್ಲೇ ಇದ್ದೆವು."

ಕೆಳಗೆ ಕೆಂಪು ಶಾಯಿಯಲ್ಲಿ, "ತುಂಬಾ ಚೆನ್ನಾಗಿದೆ. ಫೋಟೋ ಇದ್ದರೆ ತಂದು ತರಗತಿಗೆ ತೋರಿಸು."

ನಾವು ಎಲ್ಲಿಗೂ ಹೋಗಿಲ್ಲ. ಎಳನೀರು ನನಗೆ ವಿಷ, ಅದರಲ್ಲಿರುವ ಪೊಟ್ಯಾಸಿಯಂ ಕಿಡ್ನಿ ಹೋದವರ ಹೃದಯಕ್ಕೇ ಹೊಡೆಯುತ್ತದೆ.

ಜುಲೈ 4, ಶುಕ್ರವಾರ

ಹನುಮೇಶ ಇವತ್ತು ಎರಡು ಕಡೆ ಚುಚ್ಚಿ ಮೂರನೆಯದರಲ್ಲಿ ರಕ್ತನಾಳ ಹಿಡಿದ. "ಸಾರಿ ಮೇಡಂ, ಫಿಸ್ಟುಲಾ ವೀಕ್ ಆಗ್ತಾ ಇದೆ, ಡಾಕ್ಟರ್‌ಗೆ ತೋರಿಸ್ಬಿಡಿ" ಅಂದ. ಸೂಜಿ ಹಾಕಲೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಈ ಎಡಗೈಯಲ್ಲಿ ಮೂರು ವರ್ಷದಿಂದ ಏನನ್ನೂ ಎತ್ತಿಲ್ಲ. ಸುಘೋಷ್ ಒಂದು ವರ್ಷದವನಿದ್ದಾಗ ನನ್ನ ಕಿಡ್ನಿಗಳು ಹೋದವು. ಅವನಿಗೀಗ ನಾಲ್ಕು. ಎತ್ತಿಕೋ ಎಂದು ಕೇಳುವುದನ್ನು ಅವನು ಯಾವಾಗ ಬಿಟ್ಟನೋ ನನಗೆ ತಿಳಿಯದು.

ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ, ಕಿಡ್ನಿ ಕೊಡುವಂತಿಲ್ಲ. ಮಧ್ವೇಶ್ ರಕ್ತ ನನ್ನದಕ್ಕೆ ಹೊಂದುವುದಿಲ್ಲ. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಪಟ್ಟಿ ಉದ್ದ.

ಮೆಷಿನ್ನಿನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಹೊನ್ನವ್ವನನ್ನೇ ಯೋಚಿಸುತ್ತಿದ್ದೆ. ಡಯಾಲಿಸಿಸ್ ನಿಲ್ಲಿಸಬಹುದು. ಯಾರೂ ಬಂದು ಹಿಡಿದುಕೊಂಡು ಹೋಗುವುದಿಲ್ಲ.

ನಿರ್ಧಾರ ಮಾಡಿದ್ದೇನೆ. ಮುಂದಿನ ಶನಿವಾರ, ಭಾನುವಾರ ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುವುದು. ಅವಳು ಬರೆದದ್ದು ಸುಳ್ಳಾಗಬಾರದು. ಅಮ್ಮ ಎಂದರೆ ಅವರಿಗೆ ಆ ಎರಡು ದಿನ ನೆನಪಿರಲಿ, ಹತ್ತಿ ಪಟ್ಟಿ ಕಟ್ಟಿದ ಈ ಕೈ ಬೇಡ. ಬಂದ ಮೇಲೆ ಹದಿನಾಲ್ಕನೇ ತಾರೀಕು ಸೋಮವಾರ ನಾನು ಸೆಂಟರಿಗೆ ಹೋಗುವುದಿಲ್ಲ.

ಬರೆದ ಮೇಲೆ ಎದೆ ಹಗುರವಾಯಿತು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ.

ಜುಲೈ 5, ಶನಿವಾರ

ತಿಂಡಿಯ ಹೊತ್ತಿಗೆ ಹೇಳಿದೆ. ಮಧ್ವೇಶ್ ತಟ್ಟೆಯಿಂದ ತಲೆ ಎತ್ತಿದರು.

"ಮಳೆಗಾಲದಲ್ಲಿ ಯಾರಾದ್ರೂ ಸಮುದ್ರಕ್ಕೆ ಹೋಗ್ತಾರಾ? ಅಕ್ಟೋಬರ್ ರಜದಲ್ಲಿ ಹೋಗೋಣ."

"ಅಕ್ಟೋಬರ್ ಬೇಡ. ಈಗ್ಲೇ."

"ಯಾಕೆ ಈಗ್ಲೇ?"

"ಶುಕ್ರವಾರ ಡಯಾಲಿಸಿಸ್ ಮುಗಿಸ್ಕೊಂಡು ಸಾಯಂಕಾಲ ಕೆಂಗೇರೀಲಿ ರೈಲು ಹತ್ತೋದು. ಭಾನುವಾರ ಹೊರಟ್ರೆ ಸೋಮವಾರ ಬೆಳಿಗ್ಗೆ ಕೆಂಗೇರಿ. ಅಲ್ಲಿಂದ ನೇರ ಸೆಂಟರ್‌ಗೆ. ಒಂದು ದಿನಾನೂ ತಪ್ಪಲ್ಲ."

ಮೂರು ವರ್ಷದಲ್ಲಿ ನಾನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಇದೇ ಮೊದಲು ಅನ್ನಿಸಿರಬೇಕು. ಅವರು ಫೋನು ತೆಗೆದು ಟಿಕೆಟ್ ನೋಡತೊಡಗಿದರು. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಅತ್ತೆ ಅಡುಗೆಮನೆಯಿಂದಲೇ ಕೇಳಿಸಿಕೊಂಡರು. ಪಂಕಜಮ್ಮ ಎಂದರೆ ಬೀದಿಯಲ್ಲೆಲ್ಲ ಹೆದರಿಕೆ, ಎಪ್ಪತ್ತೊಂದಾದರೂ ದನಿ ತಗ್ಗಿಲ್ಲ. "ಆ ಕಡೆ ಹೋಗೋರು ಉಡುಪಿಯಲ್ಲಿ ಇಳಿದು ಕೃಷ್ಣನ ದರ್ಶನ ಮಾಡ್ಕೊಂಡು ಬನ್ನಿ. ಬರೀ ನೀರು ನೋಡಕ್ಕೆ ಅಷ್ಟು ದೂರ ಹೋಗ್ತಾರಾ?" ಅಂದರು. ನೀವೂ ಬನ್ನಿ ಎಂದು ಮಧ್ವೇಶ್ ಕರೆದರೆ, ಮೊಣಕಾಲು ತೋರಿಸಿ ತಲೆಯಾಡಿಸಿದರು.

ತನ್ಮಯಿಗೆ ಹೇಳಿದಾಗ ಅವಳು ಕುಣಿಯಲಿಲ್ಲ. ನನ್ನ ಮುಖವನ್ನೇ ನೋಡಿ, "ನಿಜವಾದ ಸಮುದ್ರಕ್ಕಾ?" ಎಂದು ಕೇಳಿದಳು.

ಜುಲೈ 10, ಗುರುವಾರ

ಬಟ್ಟೆ ಜೋಡಿಸಿದೆ. ಮಕ್ಕಳದ್ದೇ ಹೆಚ್ಚು. ರೈನ್‌ಕೋಟು, ಎರಡು ಟವಲ್ಲು, ಸುಘೋಷನ ಜ್ವರದ ಔಷಧಿ.

ನನ್ನ ನೀಲಿ ಫೈಲು ಇಡಲಿಲ್ಲ. ಆಸ್ಪತ್ರೆಯ ಕಾಗದ, ರಕ್ತದ ವರದಿ ಎಲ್ಲ ಅದರಲ್ಲೇ ಇವೆ. ಸೆಂಟರಿನಲ್ಲೂ ನಕಲಿಲ್ಲ, ಮೂಲ ಪ್ರತಿ ರೋಗಿಯ ಕೈಯಲ್ಲೇ ಇರಬೇಕು ಎನ್ನುತ್ತಾರೆ. ಮಧ್ವೇಶ್‌ಗೆ ಒಂದು ಪತ್ರ ಬರೆದು ಅದನ್ನು ಮೊದಲ ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ಫೈಲನ್ನು ಮಕ್ಕಳ ಬೀರುವಿನಲ್ಲಿ ಹಳೆಯ ಯೂನಿಫಾರ್ಮುಗಳ ಕೆಳಗೆ ಇಟ್ಟೆ. ಒಂದಲ್ಲ ಒಂದು ದಿನ ಅವರು ಅದನ್ನು ಹುಡುಕುತ್ತಾರೆ.

ಪತ್ರವನ್ನು ನಾಲ್ಕು ಸಲ ತಿದ್ದಿದೆ. ಮೇಷ್ಟರ ಚಟ.

ಜುಲೈ 12, ಶನಿವಾರ

ಉಡುಪಿಯಿಂದ ಮೇಲೆ ಒಂದು ಗಂಟೆಯ ದಾರಿ. ಸಣ್ಣ ಲಾಡ್ಜು, ಕಿಟಕಿ ತೆರೆದರೆ ಸಮುದ್ರ.

ಇಷ್ಟು ಸದ್ದು ಇರುತ್ತದೆ ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಸುಘೋಷ್ ಕಿವಿ ಮುಚ್ಚಿಕೊಂಡು ಅಪ್ಪನ ಕಾಲು ತಬ್ಬಿ ನಿಂತ. ನೀರು ನೀಲಿಯಾಗಿರಲಿಲ್ಲ, ಕೆಸರಿನ ಬಣ್ಣ. ಅಲೆ ಮನೆಯೆತ್ತರಕ್ಕೆ ಎದ್ದು ಕಲ್ಲುಗಳ ಮೇಲೆ ಕವುಚಿಕೊಳ್ಳುತ್ತಿತ್ತು. ಕೆಂಪು ಬಾವುಟ ನೆಟ್ಟಿದ್ದರು. ಸೀಟಿ ಹಿಡಿದ ಒಬ್ಬ ಯಾರನ್ನೂ ಕೆಳಗೆ ಇಳಿಯಲು ಬಿಡುತ್ತಿರಲಿಲ್ಲ. ನಾವು ನಾಲ್ವರೂ ಮರಳ ದಿಬ್ಬದ ಮೇಲೆ ಕೊಡೆ ಹಿಡಿದು ನಿಂತೆವು. ಕೊಡೆ ಮಗುಚಿಕೊಂಡಿತು. ಮಧ್ವೇಶ್ ಅದರ ಹಿಂದೆ ಓಡಿದರು, ಸುಘೋಷ್ ನಕ್ಕ, ಹೆದರಿಕೆ ಹೋಯಿತು. ಆಮೇಲೆ ಅವನು ಅಲೆಗೆ ಬೈಯತೊಡಗಿದ. "ಏಯ್, ಬಾರೋ! ಬಾರೋ ನೋಡ್ತೀನಿ!"

ನಾನು ಓಡಿದೆ. ಹತ್ತು ಹೆಜ್ಜೆಯಷ್ಟು. ತನ್ಮಯಿ ಬೇಕೆಂದೇ ನಿಧಾನವಾಗಿ ಓಡಿ ನನ್ನನ್ನು ಹಿಡಿಯಲಿಲ್ಲ. ಗೊತ್ತಾಯಿತು. ಗೊತ್ತಾಗದವಳಂತೆ ಇದ್ದೆ.

ರಸ್ತೆ ಬದಿಯ ಅಂಗಡಿಯಲ್ಲಿ ಎಳನೀರು ಕುಡಿದೆ. ಮೂರು ವರ್ಷದ ಮೇಲೆ! ಮಧ್ವೇಶ್ ಸುಘೋಷನ ಚಪ್ಪಲಿ ತೊಳೆಸಿಕೊಂಡು ಬರುವಷ್ಟರಲ್ಲಿ ಒಂದು ಮುಗಿದು ಎರಡನೆಯದು ಕೈಯಲ್ಲಿತ್ತು.

"ರಾಗಿಣಿ! ಹುಚ್ಚು ಹಿಡಿದಿದ್ಯಾ?"

"ಒಂದೇ ಗುಟುಕು, ಅಷ್ಟೇ."

ಅವರು ಕಿತ್ತುಕೊಂಡು ಚೆಲ್ಲಿದರು. ಅಷ್ಟರಲ್ಲಿ ಅದೂ ಹೆಚ್ಚುಕಡಿಮೆ ಖಾಲಿ. ತನ್ಮಯಿ ಎಲ್ಲ ನೋಡುತ್ತ ನಿಂತಿದ್ದಳು. ನಾನು ಅವಳತ್ತ ನೋಡಿ ಕಣ್ಣು ಮಿಟುಕಿಸಿದೆ. ಅವಳು ನಗಲಿಲ್ಲ. ಚಳಿ ಹತ್ತಿತ್ತೇನೋ.

ಫೋಟೋ ಇಪ್ಪತ್ತಾರು ತೆಗೆದೆವು. ಒಳ್ಳೆಯ ದಿನ. ನಾನು ಅಂದುಕೊಂಡಂತೆಯೇ ನಡೆಯಿತು.

ಜುಲೈ 13, ಭಾನುವಾರ

ಘಟ್ಟದಲ್ಲಿ ಗುಡ್ಡ ಜರಿದು ಹಳಿಯ ಮೇಲೆ ಬಿದ್ದಿದೆಯಂತೆ. ಸಾಯಂಕಾಲದ ರೈಲು ಇಲ್ಲ. ಬೆಂಗಳೂರಿನ ಹೆದ್ದಾರಿಯೂ ಒಂದು ಕಡೆ ಕುಸಿದು ಬಸ್ಸುಗಳನ್ನು ನಿಲ್ಲಿಸಿದ್ದಾರೆ. ಬೇರೆ ಘಟ್ಟದ ಕಡೆಗೆ ವಾಹನಗಳು ಸಾಲುಗಟ್ಟಿ ನಿಂತಿವೆ. ಮಧ್ವೇಶ್ ಸ್ಟೇಷನ್ನಿನಲ್ಲಿ ಎರಡು ಗಂಟೆ ನಿಂತು, ನೆನೆದು ಬಂದರು. ಅವರ ಮುಖ ನೋಡಲಾಗಲಿಲ್ಲ.

ಸುಘೋಷ್‌ಗೆ ಮಾತ್ರ ಹಬ್ಬ. ನಾಳೆಯೂ ಸಮುದ್ರ.

ಜುಲೈ 14, ಸೋಮವಾರ

ಈ ಹೊತ್ತಿಗೆ ನಾನು ಕುರ್ಚಿಯಲ್ಲಿರಬೇಕಿತ್ತು. ನಾನು ನಿಲ್ಲಿಸಬೇಕಾಗಿಯೇ ಬರಲಿಲ್ಲ, ಗುಡ್ಡವೇ ನಿಲ್ಲಿಸಿತು. ಮಧ್ವೇಶ್‌ಗೆ ನನ್ನ ಮೇಲೆ ಸಿಟ್ಟು ಬರುವ ಹಾಗಿಲ್ಲ. ಮಳೆಯ ಮೇಲೆ ಬರಲಿ.

ಅವರು ಊರೊಳಗಿನ ತಾಲೂಕು ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಡಯಾಲಿಸಿಸ್ ಇದೆಯಂತೆ. ಆದರೆ ರಕ್ತದ ಸೋಂಕಿನ ವರದಿ ಇಲ್ಲದೆ ಹೊಸಬರನ್ನು ಮೆಷಿನ್ನಿಗೆ ಹಾಕುವುದಿಲ್ಲ. ಇಲ್ಲೇ ಪರೀಕ್ಷೆ ಮಾಡಿಸಿದರೆ ವರದಿ ಹೊರಗಿನಿಂದ ಬರಬೇಕು, ಗುರುವಾರವಾಗುತ್ತದೆ.

"ಫೈಲ್ ಎಲ್ಲಿದೆ?" ಎಂದು ಬ್ಯಾಗನ್ನೆಲ್ಲ ಮಂಚದ ಮೇಲೆ ಸುರಿದರು.

"ತಂದಿದ್ದೆ. ರೈಲಲ್ಲಿ ಬಿಟ್ಟಿರ್ಬೇಕು."

ಅವರು ನಂಬಿದರು. ರೈಲ್ವೆಯವರಿಗೆ ಫೋನು ಮೇಲೆ ಫೋನು. ಬರ್ತ್ ನಂಬರ್ ಹೇಳಿದರು, ಫೈಲಿನ ಬಣ್ಣ ಹೇಳಿದರು. "ನೀಲಿ ಸಾರ್, ನೀಲಿ. ನನ್ನ ಹೆಂಡತಿ ಜೀವ ಅದ್ರಲ್ಲಿದೆ ಸಾರ್." ಹಾಗೆಯೇ ಹೇಳಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ನೀರು ಬೇಕಾದಷ್ಟು ಕುಡಿಯುತ್ತಿದ್ದೇನೆ. ಪಾದ ಊದಿದೆ, ಬೆರಳಿಟ್ಟರೆ ಗುಳಿ ಹಾಗೇ ನಿಲ್ಲುತ್ತದೆ.

ಜುಲೈ 15, ಮಂಗಳವಾರ

ಮಲಗಲು ಆಗುತ್ತಿಲ್ಲ. ಕೂತರೆ ಉಸಿರು ಸ್ವಲ್ಪ ಸಿಗುತ್ತದೆ.

ಮಧ್ವೇಶ್ ಮತ್ತೆ ಆಸ್ಪತ್ರೆಗೆ ಹೋಗಿದ್ದಾರೆ. ಮಕ್ಕಳು ಕೋಣೆಯಲ್ಲೇ ಇದ್ದಾರೆ. ಇದು ಅವರ ಮುಂದೆ ಆಗುತ್ತದೆ ಎಂದು ಅಂದುಕೊಂಡಿರಲಿಲ್ಲ. ಮನೆಯಲ್ಲಿ ಅತ್ತೆ ಇರುತ್ತಿದ್ದರು, ಮಕ್ಕಳು ಸ್ಕೂಲಿನಲ್ಲಿರುತ್ತಿದ್ದರು. ಹಾಗೆ ಅಂದುಕೊಂಡಿದ್ದೆ

ಜುಲೈ 17, ಗುರುವಾರ

ಮನೆ. ಬೇರೆ ಘಟ್ಟದ ಬಸ್ಸು ಸಿಕ್ಕಿತು, ಸುತ್ತಿ ಬಳಸಿ ಹದಿನಾರು ಗಂಟೆ. ಮಕ್ಕಳು ಬಟ್ಟೆಯನ್ನೂ ಬಿಚ್ಚದೆ ನಿದ್ದೆ ಹೋಗಿದ್ದಾರೆ. ಮಂಗಳವಾರದ್ದನ್ನು ಬರೆದಿಡಬೇಕು.

ಬೆಳಿಗ್ಗೆ ಹನ್ನೊಂದಿರಬಹುದು. ನಾನು ಮೂರು ದಿಂಬಿಗೆ ಒರಗಿ ಕೂತಿದ್ದೆ. ಸುಘೋಷ್ ಮಂಚದ ಕೆಳಗೆ ರೈಲು ಬಿಡುತ್ತಿದ್ದ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೀರು ಕೊಡು ಎಂದು ತನ್ಮಯಿಗೆ ಹೇಳಿದೆ. ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡು ನಿಂತಳು. ಕೊಡಲಿಲ್ಲ.

"ಅಮ್ಮ, ನೀನು ಬೇಕೂಂತ ಕುಡೀತಿದೀಯಾ?"

"ಇಲ್ಲ ಪುಟ್ಟಿ. ಬಾಯಾರಿಕೆ."

"ನಿಂಗೆ ಯಾವಾಗ್ಲೂ ಬಾಯಾರಿಕೆ. ಮನೇಲಿ ಕುಡಿಯಲ್ಲ. ಐಸ್ ಚೀಪ್ತೀಯ. ಇಲ್ಲಿ ಮೂರು ಬಾಟಲಿ ಕುಡಿದೆ. ಎಳನೀರು ಕುಡಿದೆ." ಬಾಟಲಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. "ನಾನು ಬರ್ದೆ ಅಂತ ಕುಡಿದ್ಯಾ?"

ಏನು ಬರೆದದ್ದು ಎಂದು ನಾನು ಕೇಳಬೇಕಿತ್ತು. ನಾನು ಅವಳ ಪುಸ್ತಕ ನೋಡಿದ್ದು ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

"ನೀನು ಓದಿದೀಯ ಅಂತ ಗೊತ್ತು. ಬುಕ್ ನೀನು ತಲೆಕೆಳಗೆ ವಾಪಸ್ ಇಟ್ಟಿದ್ದೆ. ಅದಾದ್ಮೇಲೇ ಟ್ರಿಪ್ ಅಂದೆ. ಓಡಿದೆ, ಎರಡು ಎಳನೀರು ಕುಡಿದೆ, ಸೋಮವಾರಾನೂ ಇಲ್ಲೇ ಇದೀವಿ. ಎಲ್ಲ ನಾನು ಬರ್ದ ಹಾಗೇ ಮಾಡ್ತಿದೀಯ. ಅಮ್ಮ, ಅದು ಸುಳ್ಳು. ಸುಳ್ಳು ಬರ್ದೆ ನಾನು. ನಿಜ ಮಾಡ್ಬೇಡ. ಮಿಸ್‌ಗೆ ಹೇಳ್ತೀನಿ. ಹೋದ ತಕ್ಷಣ ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ."

ಬಾಟಲಿಯನ್ನು ಕೆಳಗಿಟ್ಟಳು. ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯಲು ಶುರುಮಾಡಿದಳು. ಒಂದು, ಎರಡು, ಮೂರು. ಸ್ಕೂಲಿನಲ್ಲಿ ಯಾರು ಮಾಡಿಸುತ್ತಾರೋ, ಎಲ್ಲಿ ಕಲಿತಳೋ. ಆಟವೆಂದುಕೊಂಡು ಸುಘೋಷ್ ಮಂಚದ ಕೆಳಗಿನಿಂದ ಹೊರಬಂದು ತಾನೂ ಕಿವಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಏಳತೊಡಗಿದ. ಅವನು ನಗುತ್ತಿದ್ದ. ಅವಳು ಎಣಿಸುತ್ತಿದ್ದಳು. ಹದಿನೇಳು. ಹದಿನೆಂಟು.

"ಸಾಕು ನಿಲ್ಸೇ!" ಎಂದು ಕೂಗಿದೆ. ಕೂಗಲು ಉಸಿರಿರಲಿಲ್ಲ, ಕೆಮ್ಮು ಬಂತು. ಅವಳು ನಿಲ್ಲಿಸಲಿಲ್ಲ. "ಎಷ್ಟು ಹೊಡೀಲಿ ಹೇಳು, ಅಷ್ಟು ಹೊಡೀತೀನಿ."

ನಾನು ಅವಳಿಗೆ ಬಿಟ್ಟುಹೋಗಲಿದ್ದ ನೆನಪು ಇದು. ಇಪ್ಪತ್ತಾರು ಫೋಟೋಗಳಲ್ಲ. ತಾನು ಬರೆದದ್ದರಿಂದ ಅಮ್ಮ ಹೋದಳು ಎಂದುಕೊಂಡು ಅವಳು ಎಷ್ಟು ವರ್ಷ ಬಸ್ಕಿ ಹೊಡೆಯುತ್ತಿದ್ದಳೋ.

ಫೋನು ಹುಡುಕಿ ಅತ್ತೆಗೆ ಮಾಡಿದೆ.

"ಅತ್ತೆ, ಮಕ್ಕಳ ಬೀರುವಲ್ಲಿ ಹಳೇ ಯೂನಿಫಾರ್ಮ್ ಕೆಳಗೆ ನನ್ನ ಫೈಲಿದೆ. ತೆಗೀರಿ."

"ರೈಲಲ್ಲಿ ಹೋಯ್ತು ಅಂದ್ನಲ್ಲ ಮಧ್ವೇಶ?"

"ಇಲ್ಲ. ಫೈಲು ಮನೇಲೇ ಇದೆ."

ಮೊಣಕಾಲಿನ ನೋವಿಗೆ "ರಾಮಾ" ಎನ್ನುತ್ತ ಬಗ್ಗಿದ್ದು ಕೇಳಿಸಿತು. ಆಮೇಲೆ ಪ್ಲಾಸ್ಟಿಕ್ಕಿನ ಸದ್ದು.

"ಮೊದಲ್ನೇದ್ರಲ್ಲಿ ಕೈಲಿ ಬರ್ದಿದ್ದು ಒಂದು ಕಾಗದ ಇದೆ. ಮಧ್ವೇಶನ ಹೆಸರಿಗೆ."

ಕಿಟಕಿಯಾಚೆ ಮೆಟ್ರೋ ಹೋದದ್ದು ಕೇಳಿಸಿತು, ಎದುರಿನಿಂದ ಇನ್ನೊಂದು ಬಂದದ್ದೂ ಕೇಳಿಸಿತು. ಓದುತ್ತಿದ್ದಾರೆ ಎಂದು ಗೊತ್ತಾಯಿತು. ನಿಲ್ಲಿಸಿ ಎನ್ನಲು ಆಗಲಿಲ್ಲ.

"ಇದನ್ನೂ ಕಳಿಸ್ಬೇಕಾ?"

"ಬೇಡ. ಹರಿದು ಹಾಕಿ."

"ಹರೀತಿದೀನಿ." ಹರಿದರು. ಫೋನಿನಲ್ಲೇ ಕೇಳಿಸಿತು. "ಈಗ ಯಾವ ರಿಪೋರ್ಟು ಬೇಕು, ಬೊಗಳು."

ಮೂವತ್ನಾಲ್ಕು ವರ್ಷದಲ್ಲಿ ನನಗೆ ಯಾರೂ ಹಾಗೆ ಅಂದಿಲ್ಲ. ಮೊದಲು ಬಂದ ಫೋಟೋದಲ್ಲಿ ನಮ್ಮ ಫ್ಯಾನಿತ್ತು. ಎರಡನೆಯದರಲ್ಲಿ ಅವರ ಹೆಬ್ಬೆರಳಿತ್ತು. ಐದನೆಯದು ಸ್ಪಷ್ಟವಾಗಿ ಬಂತು.

ಮಧ್ವೇಶ್‌ಗೆ ಕಳಿಸಿ, ಫೈಲು ಮನೆಯಲ್ಲೇ ಮರೆತಿದ್ದೆ ಎಂದೆ. ಅವರು ಬರುವವರೆಗೆ ಕಾಯಲಿಲ್ಲ. ಲಾಡ್ಜಿನವನಿಗೆ ಹೇಳಿ ಆಟೋ ತರಿಸಿ, ಎರಡೂ ಮಕ್ಕಳನ್ನು ಹತ್ತಿಸಿಕೊಂಡು ಹೊರಟೆ. ತನ್ಮಯಿ ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಕೈ ಕೊಟ್ಟು ನೆಟ್ಟಗೆ ಕೂರಿಸಿದ್ದಳು.

ಆಸ್ಪತ್ರೆಯಲ್ಲಿ ಇಂಚರಾ ಎಂಬ ಹುಡುಗಿ ಮೆಷಿನ್ನುಗಳನ್ನು ನೋಡಿಕೊಳ್ಳುತ್ತಾಳೆ. ಬೆಳಿಗ್ಗೆಯಿಂದ ಕೂತಿರಲಿಕ್ಕಿಲ್ಲ, ಕಣ್ಣು ಕೆಂಪಾಗಿತ್ತು. ರಿಪೋರ್ಟ್ ನೋಡಿದಳು, ನನ್ನ ಕಾಲು ನೋಡಿದಳು, ಡಾಕ್ಟರನ್ನು ಕರೆದಳು.

"ನಾಲ್ಕು ಗಂಟೆಗೆ ಒಂದು ಮೆಷಿನ್ ಖಾಲಿ ಆಗ್ತದೆ. ಎರಡು ಗಂಟೆ ಮಾತ್ರ ಕೊಡ್ಲಿಕ್ಕಾಗೂದು."

"ಮೂರು ಕೊಡಿ."

"ಎಂತ ಮಾರಾಯ್ರೆ, ನನ್ಗೂ ಮನೆಗೆ ಹೋಗ್ಲಿಕ್ಕಿಲ್ವಾ?"

"ನಾಲ್ಕು ದಿನ ಆಗಿದೆ. ಎರಡು ಗಂಟೇಲಿ ಏನಾಗತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮೂರು ಕೊಡಿ ಸಿಸ್ಟರ್." ನಾನು ಅವಳ ಕೈ ಹಿಡಿದುಕೊಂಡಿದ್ದೆ. ಬಿಡಲಿಲ್ಲ. ಮಧ್ವೇಶ್ ನನ್ನನ್ನೇ ನೋಡುತ್ತಿದ್ದರು, ಇವಳು ಯಾರು ಎಂಬಂತೆ.

ಎರಡು ಮುಕ್ಕಾಲು ಗಂಟೆ ಕೊಟ್ಟಳು. ಮೊದಲ ಸಲಕ್ಕೇ ಸರಿಯಾಗಿ ಸೂಜಿ ಹಾಕಿದಳು.

ಇದರಿಂದ ನಿರ್ಧಾರ ಬದಲಾಯಿತು ಎಂದಲ್ಲ. ತಾನೇ ಕಾರಣ ಎನ್ನುವುದು ತನ್ಮಯಿಯ ತಲೆಯಿಂದ ಹೋಗುವವರೆಗೆ ನಾನು ಇರಬೇಕು, ಅಷ್ಟೆ. ಆಮೇಲೆ ನೋಡೋಣ.

ಜುಲೈ 19, ಶನಿವಾರ

ಗುರುವಾರದಿಂದ ಅತ್ತೆ ನನ್ನೊಂದಿಗೆ ಮಾತಾಡಿರಲಿಲ್ಲ. ಬಡಿಸುತ್ತಾರೆ, ಪಾತ್ರೆ ಕುಕ್ಕುತ್ತಾರೆ, ಹೋಗುತ್ತಾರೆ. ಮಧ್ವೇಶ್‌ಗೆ ಏನೂ ಹೇಳಿಲ್ಲ.

ಇವತ್ತು ಮಧ್ಯಾಹ್ನ ಮಧ್ವೇಶ್ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದ ಮೇಲೆ ಅತ್ತೆ ಬಂದು ನನ್ನ ಮಂಚದ ತುದಿಯಲ್ಲಿ ಕೂತರು.

"ಎರಡು ಸಲ ಓದಿದೆ. ಅಕ್ಷರ ಮುದ್ದಾಗಿತ್ತು. ಒಂದು ತಪ್ಪಿಲ್ಲ."

ನಾನು ಹೊದಿಕೆ ಸರಿಸಿ ಎದ್ದು ಕೂತೆ.

"ಮಕ್ಕಳಿಗೆ ಒಂದು ಒಳ್ಳೇ ನೆನಪು ಇರಲಿ ಅಂತ ಬರ್ದಿದೀಯ. ಎರಡು ದಿನದ ನೆನಪು. ಮಂಗಳವಾರ ಬೆಳಿಗ್ಗೆ ಅವರ ಡಬ್ಬಿಗೆ ಏನು ಹಾಕ್ಬೇಕು ಅಂತ ಬರ್ದಿಲ್ಲ. ಆ ಹುಡುಗಿ ದೊಡ್ಡವಳಾದಾಗ ಯಾರ ಹತ್ರ ಹೋಗಿ ಹೇಳ್ಕೋಬೇಕು ಅಂತ ಬರ್ದಿಲ್ಲ. ನಂಗೆ ಎಪ್ಪತ್ತೊಂದು. ಕೆಳಗೆ ಕೂತ್ರೆ ಏಳಕ್ಕಾಗಲ್ಲ. ನನ್ನ ಕೈಲಿ ಮತ್ತೆ ಮಕ್ಕಳನ್ನ ಸಾಕಿಸ್ತೀಯಾ?"

"ನಿಮಗೆಲ್ಲ ಭಾರ ಆಗಿದೀನಿ ಅತ್ತೆ."

"ಹೌದು, ಆಗಿದೀಯ." ಅವರು ಒಂದು ಕ್ಷಣವೂ ತಡೆಯಲಿಲ್ಲ. "ಬೆಳಿಗ್ಗೆ ಐದಕ್ಕೆ ಏಳ್ತೀನಿ ನಿನ್ನಿಂದ. ಉಪ್ಪಿಲ್ಲದ ಸಾರು ಬೇರೆ ಮಾಡ್ತೀನಿ. ಬೈಕೋತೀನಿ. ನನ್ನ ಮಗನ ತಲೆ ನಲವತ್ತಕ್ಕೇ ಬೆಳ್ಳಗಾಯ್ತು. ಎಲ್ಲ ನಿಜ. ಆದ್ರೆ ಹೊರಕ್ಕಾಗ್ತಿಲ್ಲ, ಇಳಿಸ್ಕೊಡಿ ಅಂತ ನಾನು ಕೇಳಿದ್ನಾ? ಅವನು ಕೇಳಿದ್ನಾ? ನಮ್ಮನ್ನ ಒಂದು ಮಾತು ಕೇಳದೆ ನೀನೇ ತೀರ್ಮಾನ ಮಾಡಿದ್ಯಲ್ಲ, ಅದಕ್ಕೆ ನಿನ್ನ ಕ್ಷಮಿಸಿಲ್ಲ ನಾನು. ಕ್ಷಮಿಸ್ತೀನಿ ಅಂತಾನೂ ಅಂದ್ಕೋಬೇಡ."

ನಾನು ಅವರ ಕೈ ಹಿಡಿಯಲು ಹೋದೆ, ಎಳೆದುಕೊಂಡರು. ಎದ್ದು ಬಾಗಿಲ ಹತ್ತಿರ ಹೋಗಿ, ಗೋಡೆ ಹಿಡಿದು ನಿಂತರು.

"ಇನ್ಮೇಲೆ ಆ ಫೈಲು ನನ್ನ ಬೀರುವಲ್ಲಿರತ್ತೆ. ಬೀಗ ಹಾಕಿ. ಬೇಕಾದಾಗ ನನ್ನ ಕೇಳು. ತಿಳೀತಾ?"

"ತಿಳೀತು."

"ನಿನ್ನೆ ಎಷ್ಟು ತೆಗೆದ್ರು ನೀರು?"

"ಎರಡೂಮುಕ್ಕಾಲು ಲೀಟರ್."

"ಇನ್ನೂ ಕಣ್ಣಿನ ಕೆಳಗೆ ಊದಿದೆ" ಎಂದು ಹೋದರು.

ಬಹಳ ಹೊತ್ತು ಅಳುತ್ತ ಕೂತೆ. ಏಕೋ ಸಮಾಧಾನವಾಗಲಿಲ್ಲ, ಆದರೆ ಹಸಿವಾಯಿತು. ಉಪ್ಪಿಲ್ಲದ ಸಾರಿಗೆ ಅನ್ನ ಕಲಸಿಕೊಂಡು ತಿಂದೆ.

ತನ್ಮಯಿ ನಿನ್ನೆ ಮಿಸ್‌ಗೆ ನಿಜ ಹೇಳಿಬಿಟ್ಟಿದ್ದಾಳೆ. ಮಿಸ್ ಏನಂದರು ಎಂದರೆ, "ಏನೂ ಅನ್ಲಿಲ್ಲ. ನನ್ನ ಪಕ್ಕ ಕೂತ್ಕೊಂಡ್ರು" ಅಂದಳು. ನನ್ನ ಜೊತೆ ಅವಳಿನ್ನೂ ಮೊದಲಿನ ಹಾಗಿಲ್ಲ. ನಾನು ಲೋಟ ಹಿಡಿದಾಗಲೆಲ್ಲ ಅವಳ ಕಣ್ಣು ಲೋಟದ ಮೇಲಿರುತ್ತದೆ. ನಿನ್ನಿಂದಲ್ಲ ಎಂದು ಎರಡು ಸಲ ಹೇಳಿದೆ. ತಲೆಯಾಡಿಸುತ್ತಾಳೆ, ನಂಬುವುದಿಲ್ಲ. ಹೇಳುತ್ತಲೇ ಇರಬೇಕು. ಇದು ಒಂದೆರಡು ದಿನದಲ್ಲಿ ಮುಗಿಯುವ ಮಾತಲ್ಲ.

ಜುಲೈ 21, ಸೋಮವಾರ

ಐದು ನಿಮಿಷವಿದೆ. ಸುಘೋಷ್‌ಗೆ ರಾತ್ರಿ ನೆಗಡಿ ಶುರುವಾಗಿದೆ, ಸ್ಕೂಲಿಗೆ ಕಳಿಸುವುದೋ ಬೇಡವೋ ಎಂದು ಅತ್ತೆ ಮತ್ತು ನನಗೆ ಜಗಳವಾಯಿತು. ಕಳಿಸಬೇಡಿ ಎಂದೆ, ನಾನೇ ಗೆದ್ದೆ. ಫಿಸ್ಟುಲಾ ತೋರಿಸಲು ಗುರುವಾರ ಹನ್ನೊಂದಕ್ಕೆ ಡಾಕ್ಟರ್ ಸಿಗುತ್ತಾರೆ, ಇವತ್ತೇ ಹೆಸರು ಬರೆಸಬೇಕು. ಹನುಮೇಶ ಮರೆಯುತ್ತಾನೆ, ನಾನೇ ನೆನಪಿಸಬೇಕು.

ಏಳು ಗಂಟೆ ಹತ್ತು ನಿಮಿಷ. ಮಧ್ವೇಶ್ ಇನ್ನೂ ಬಚ್ಚಲುಮನೆಯಿಂದ ಬಂದಿಲ್ಲ. ಎರಡು ಸಲ ಬಾಗಿಲು ಬಡಿದು ಬಂದೆ. ಮಾಗಡಿ ರಸ್ತೆಯಲ್ಲಿ ಈ ಹೊತ್ತಿಗೆ ಬಸ್ಸುಗಳು ಸಾಲುಗಟ್ಟಿರುತ್ತವೆ ಎಂದು ಇವರಿಗೆ ಹೇಳುವವರು ಯಾರು? ಹೋಗಿ ಇನ್ನೊಂದು ಸಲ ಕರೆಯುತ್ತೇನೆ, ನನಗೆ ತಡವಾಗುತ್ತಿದೆ.